ಉಳಿದರ್ಧ ಮಣ್ಣು

"ಗುರುಗಳೇ, ಕೆಟ್ಟ ನೆಲವನ್ನು ನೋಡಲು ಹೋದವನು ಮೊದಲು ಯಾರನ್ನು ಅನುಮಾನಿಸಬೇಕು?" ಎಂದು ಶಿಷ್ಯ ಕೇಳಿದ.

ವಿಷ ಬಿದ್ದು ಕೆಟ್ಟ ಮಣ್ಣಿನಿಂದ ಅಲ್ಲಿನ ಜನರ ಮೈಗೆ ಏನು ಅಪಾಯ, ಎಷ್ಟು ಅಪಾಯ ಎಂದು ಅಳೆದು ಹೇಳುವ ವಿದ್ಯೆಯನ್ನು ಗುರು ಕಲಿಸುತ್ತಿದ್ದರು. ಶಿಷ್ಯನ ಕಲಿಕೆ ಮುಗಿಯುತ್ತ ಬಂದಿತ್ತು. ಆ ದಿನ ಬೆಳಿಗ್ಗೆ ಅವನು ಹಳೆಯ ಸೀಸದ ಭಟ್ಟಿಯೊಂದರ ಮಣ್ಣನ್ನು ಗುರುಗಳ ಮನೆಯಲ್ಲೇ, ಯಾರ ನೆರವೂ ಇಲ್ಲದೆ, ಜರಡಿ ಹಿಡಿದು ಚೀಲಕ್ಕೆ ತುಂಬಿ ಅರಗಿನ ಮುದ್ರೆ ಒತ್ತಿದ್ದ. ಚೀಲ ಅವನ ಮುಂದೆಯೇ ಇತ್ತು. ಮಾತಿನ ನಡುವೆ ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಅನುಮಾನ ಬೇಕು, ಅದಿಲ್ಲದೆ ಈ ಕೆಲಸವಿಲ್ಲ" ಎಂದರು ಗುರು. "ಆದರೆ ಅದನ್ನು ಎಲ್ಲಿ ಇಡಬೇಕು ಎನ್ನುವುದಕ್ಕೆ ಒಬ್ಬ ಪರೀಕ್ಷಕನ ಕತೆ ಇದೆ, ಕೇಳು."

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಹಳೆಯ ಬ್ಯಾಟರಿಗಳನ್ನು ಒಡೆಸಿ ಸೀಸ ಕರಗಿಸುವ ಭಟ್ಟಿ ನಡೆಸುತ್ತಿದ್ದ. ಭಟ್ಟಿಯ ಪಕ್ಕದ ಓಣಿಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಜನ ಭಟ್ಟಿಯ ಕಡೆ ಬೆರಳು ತೋರಿಸಿದರು. ವ್ಯಾಪಾರಿ ಓಣಿಯ ಗಟಾರದ ಕಡೆ ಬೆರಳು ತೋರಿಸಿದ. ಈ ಬೆರಳು ತೋರಿಸುವ ಆಟ ಮುಗಿಯುವಂತೆ ಕಾಣದಿದ್ದಾಗ ಮೇಲಿನವರು ಒಬ್ಬ ಪರೀಕ್ಷಕನನ್ನು ಕಳಿಸಿದರು.

ಪರೀಕ್ಷಕ ಕೆಲಸದಲ್ಲಿ ಗಟ್ಟಿಗ. ಆದರೆ ಯಾರನ್ನೂ ನಂಬುವವನಲ್ಲ. ಹಾಗೆಂದು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ವ್ಯಾಪಾರಿ ಬಾಗಿಲಿಗೇ ಬಂದು ಚಹಾ ಕೊಟ್ಟ. ಇಷ್ಟು ಆದರ ಸುಮ್ಮನೆ ಬರುವುದಿಲ್ಲ ಎಂದುಕೊಂಡು ಪರೀಕ್ಷಕ ಲೋಟ ಮುಟ್ಟಲಿಲ್ಲ. ಮಣ್ಣು ಅಗೆಯಲು ಆಳು ಕೊಡುತ್ತೇನೆ ಎಂದ ವ್ಯಾಪಾರಿ. ಆಳಿನ ಕೈ ಯಾರ ಕಡೆಯದೋ ಎಂದುಕೊಂಡು ಪರೀಕ್ಷಕ ತಾನೇ ಗುದ್ದಲಿ ಹಿಡಿದ. ಓಣಿಯ ಜನ ಬಂದು, ಇಲ್ಲಿ ಅಗೆಯಿರಿ, ಇಲ್ಲೇ ವಿಷ ಇರುವುದು ಎಂದು ಒಂದು ಜಾಗ ತೋರಿಸಿದರು. ಇವರೇ ಏನಾದರೂ ತಂದು ಸುರಿದಿದ್ದರೆ ಎಂಬ ಅನುಮಾನ ಬಂದು ಅವನು ಅಲ್ಲಿ ಅಗೆಯುವುದಕ್ಕೆ ಮೊದಲು ಅದರ ಸುತ್ತಲೆಲ್ಲ ಅಗೆದ. ಓಣಿಯವರೂ ಮುನಿಸಿಕೊಂಡರು, ವ್ಯಾಪಾರಿಯೂ ಮುನಿಸಿಕೊಂಡ. ಎರಡು ಕಡೆಯವರೂ ಮುನಿಸಿಕೊಂಡರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಅವನ ಲೆಕ್ಕ.

ತಂಗುವುದಕ್ಕೂ ಅವನು ಎರಡು ಕಡೆಯವರ ಮನೆಯನ್ನೂ ಒಲ್ಲೆನೆಂದ. ಹಳ್ಳದ ಆಚೆ, ದಿಬ್ಬದ ಮೇಲೆ, ಭಟ್ಟಿಯ ಹೊಗೆ ತಲುಪದ ಕಡೆ ಒಬ್ಬ ವಿಧವೆಯ ಮನೆ ಇತ್ತು. ಆಕೆ ವ್ಯಾಪಾರಿಗೆ ಬಂಧುವಲ್ಲ, ಓಣಿಗೆ ನೆಂಟಳಲ್ಲ ಎಂದು ನಾಲ್ಕಾರು ಕಡೆ ವಿಚಾರಿಸಿ, ಖಾತ್ರಿ ಮಾಡಿಕೊಂಡು ಅಲ್ಲಿ ಇಳಿದುಕೊಂಡ.

ಆ ಮನೆಯಲ್ಲಿ ವಿಧವೆಯ ಮಗಳಿದ್ದಳು. ಹೆರಿಗೆಗೆಂದು ತವರಿಗೆ ಬಂದ ಬಸುರಿ. ಹಿಂದೆ ಒಮ್ಮೆ ಕಟ್ಟಿದ ಬಸುರು ನಿಂತಿರಲಿಲ್ಲ. ಅದಕ್ಕೇ ತಾಯಿ ಈ ಸಲ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಹಳ್ಳ ದಾಟಗೊಡುತ್ತಿರಲಿಲ್ಲ. ಭಟ್ಟಿಯ ಕಡೆಯಿಂದ ಯಾರೇ ಬರಲಿ, ಹೊಸ್ತಿಲಾಚೆ ನಿಲ್ಲಿಸಿ, ಕಾಲಿಗೆ ನೀರು ಹಾಕಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಆ ದಿಕ್ಕಿನ ಧೂಳಿನ ಮೇಲೆ ಆಕೆಗೂ ಅನುಮಾನವಿತ್ತು. ಪರೀಕ್ಷಕನಿಗೂ ಸಂಜೆ ಸಂಜೆ ತಂಬಿಗೆಯಲ್ಲಿ ನೀರು ಹಾಕಿದಳು. ಈ ಹೆಂಗಸು ತಿಳಿದವಳು ಎಂದುಕೊಂಡು ಅವನು ಕಾಲು ತಿಕ್ಕಿ ತಿಕ್ಕಿ ತೊಳೆದ.

ಬಂದ ಮರುದಿನವೇ ಆಕೆ ಕೇಳಿದಳು. "ಸಾಹೇಬ್ರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಗಳು ಹಡ್ಯಾಕ ಬಂದಾಳ. ಇಲ್ಲೇ ಇಟ್ಕೊಳ್ಳಲೋ, ದೂರ ನಮ್ಮಕ್ಕನ ಊರಿಗೆ ಕಳಸಲೋ? ಈ ನೆಲ ಹೆಂಗೈತಿ ಅನ್ನೋದು ನಿಮಗ ತಿಳೀತೈತಲ್ರಿ."

ತಾಯಿ ಕೇಳಬೇಕಾದ ಮಾತನ್ನೇ ಆಕೆ ಕೇಳಿದ್ದಳು. ಆದರೆ ಪರೀಕ್ಷಕನ ಕಿವಿಗೆ ಅದು ಬೇರೆಯಾಗಿ ಬಿತ್ತು. ಫಲಿತಾಂಶ ಏನೆಂದು ಮೊದಲೇ ಬಾಯಿ ಬಿಡಿಸಲು ವ್ಯಾಪಾರಿಯೇ ಈಕೆಯನ್ನು ಮುಂದೆ ಬಿಟ್ಟಿರಬಹುದು ಎಂದುಕೊಂಡ. "ಪರೀಕ್ಷೆ ಆಗದೆ ಏನೂ ಹೇಳೋಕಾಗಲ್ಲಮ್ಮ" ಎಂದ. ಮುಖ ಗಂಟು ಹಾಕಿಕೊಂಡೇ ಹೇಳಿದ. ತಾಯಿ ಮತ್ತೆ ಕೇಳಲಿಲ್ಲ. ಸಾಹೇಬರು ತಿಳಿದವರು, ಅಪಾಯವಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮಗಳನ್ನು ಅಲ್ಲೇ ಇಟ್ಟುಕೊಂಡಳು.

ಕೆಟ್ಟ ಮಣ್ಣನ್ನು ಹೋಲಿಸಿ ನೋಡಲು ಒಳ್ಳೆಯ ಮಣ್ಣೂ ಬೇಕು. ಪರೀಕ್ಷಕ ಮೊದಲು ಆ ಮನೆಯ ಹಿತ್ತಲಿನ ಮಣ್ಣನ್ನೇ ಒಂದು ಚೀಲ ತೆಗೆದಿಟ್ಟ. ಆಮೇಲೆ ಓಣಿಯ ಅಂಗಳಗಳನ್ನು ಅಗೆದ, ಗಟಾರದ ದಂಡೆ ಅಗೆದ, ಮಕ್ಕಳು ಗೋಲಿ ಆಡುವ ಬಯಲು ಅಗೆದ. ಕೊನೆಗೆ ವ್ಯಾಪಾರಿಯ ಎತ್ತರದ ಗೋಡೆಯ ಒಳಗೆ, ಬ್ಯಾಟರಿಗಳ ಒಳಗಿನ ಹೂರಣವನ್ನೆಲ್ಲ ಸುರಿಯುತ್ತಿದ್ದ ಮೂಲೆಯನ್ನು ಅಗೆದ.

ಈಗ ಅವನ ಕೆಲಸದ ರೀತಿ ನಿನಗೆ ಗೊತ್ತೇ ಇದೆ. ಒಂದು ಜಾಗದ ಹಲವು ಗುಂಡಿಗಳ ಮಣ್ಣನ್ನು ಒಟ್ಟುಗೂಡಿಸಿ, ಕಲ್ಲು ಆರಿಸಿ, ಹೆಂಟೆ ಪುಡಿ ಮಾಡಿ, ಜರಡಿ ಹಿಡಿಯಬೇಕು. ರೊಟ್ಟಿಯಂತೆ ದುಂಡಗೆ ಹರಡಿ ನಾಲ್ಕು ಭಾಗ ಮಾಡಬೇಕು. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದೆರಡನ್ನು ಚೆಲ್ಲಬೇಕು. ಚೀಲಕ್ಕೆ ಹಿಡಿಯುವಷ್ಟಾಗುವ ತನಕ ಹೀಗೇ. ಪರೀಕ್ಷಕ ಇದನ್ನು ಕಲಿತದ್ದು ರೈತರ ಹೊಲಗಳಲ್ಲಿ, ಬೆಳೆಗೆ ಯಾವ ಗೊಬ್ಬರ ಬೇಕೆಂದು ನೋಡುವ ಕೆಲಸದಲ್ಲಿ. ಅಲ್ಲಿ ಉಳಿದ ಮಣ್ಣನ್ನು ಎಲ್ಲಿ ಚೆಲ್ಲಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಹೇಳುವ ಅಗತ್ಯವೇನಿದೆ? ಹೊಲದಲ್ಲೇ ನಿಂತು ಮಾಡುವ ಕೆಲಸ. ಕಾಲ ಬುಡದಲ್ಲಿ ಚೆಲ್ಲಿದರೆ ಹೊಲದ್ದು ಹೊಲಕ್ಕೇ ಹೋಯಿತು.

ಇಲ್ಲಿಯೂ ಭಟ್ಟಿಯ ಬಳಿಯೇ ಆ ಕೆಲಸ ಮುಗಿಸಿದ್ದರೆ ಚೆಲ್ಲಿದ್ದು ಅಲ್ಲಿಯೇ ಉಳಿಯುತ್ತಿತ್ತು. ಆದರೆ ವ್ಯಾಪಾರಿಯ ಆಳುಗಳು ಸುತ್ತ ನಿಂತು ನೋಡುತ್ತಿದ್ದರು. ಕಣ್ಣು ಆಚೆ ಮಾಡುವುದರೊಳಗೆ ಒಂದು ಹಿಡಿ ಬೇರೆ ಮಣ್ಣು ಬೆರೆಸಿದರೆ ಮಾಡುವುದೇನು? ಪರೀಕ್ಷಕ ಜರಡಿ ಹಿಡಿಯದೆ, ಭಾಗ ಮಾಡದೆ, ಅಗೆದ ಮಣ್ಣನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಚೀಲವನ್ನು ಹೆಗಲಿಗೇರಿಸಿ ಹಳ್ಳ ದಾಟಿದ. ತಾಯಿ ಅವನ ಕಾಲಿಗೆ ನೀರು ಹಾಕಿದಳು. ಹೆಗಲ ಮೇಲಿನ ಚೀಲದ ಬಗ್ಗೆ ಆಕೆ ಏನೂ ಕೇಳಲಿಲ್ಲ. ಸರಕಾರದ ಚೀಲವನ್ನು ಅನುಮಾನಿಸುವುದು ಆಕೆಗೆ ತೋಚಲಿಲ್ಲ.

ಹಿತ್ತಲಿನಲ್ಲಿ ದನವಿಲ್ಲದ ಕೊಟ್ಟಿಗೆ ಇತ್ತು. ಅದರ ಬಾಗಿಲಲ್ಲಿ ಕೂತು ಪರೀಕ್ಷಕ ನೆಮ್ಮದಿಯಿಂದ ಜರಡಿ ಹಿಡಿದ. ಬೇಕಾದ ಅರ್ಧವನ್ನು ಚೀಲಕ್ಕೆ ತುಂಬಿ ಮುದ್ರೆ ಒತ್ತಿ ಕೊಟ್ಟಿಗೆಗೆ ಬೀಗ ಹಾಕಿದ. ಬೇಡವಾದ ಅರ್ಧವನ್ನು ಕೈಬೀಸಿ ನುಗ್ಗೆಮರದ ಬುಡಕ್ಕೆ ಸುರಿದ. ಓಣಿಯದ್ದೂ ಅಲ್ಲಿಯೇ, ಗಟಾರದ್ದೂ ಅಲ್ಲಿಯೇ, ಭಟ್ಟಿಯ ಮೂಲೆಯದ್ದೂ ಅಲ್ಲಿಯೇ. ಅವನ ಕೈಗೆ ಅದು ಅಭ್ಯಾಸವಾದ ಕೆಲಸ. ಚೆಲ್ಲುವಾಗ ಅವನು ಆ ಕಡೆ ತಿರುಗಿ ಕೂಡ ನೋಡುತ್ತಿರಲಿಲ್ಲ.

ಒಂದು ದಿನ ನೋಡಿದ. ನುಗ್ಗೆಯ ಬುಡದ ಗುಡ್ಡೆ ನಿನ್ನೆ ಇದ್ದಂತೆ ಇರಲಿಲ್ಲ. ಒಂದು ಬದಿ ಕುಸಿದಿತ್ತು. ಗಾಳಿಗೆ ಕುಸಿದಿದ್ದರೆ ಬೆರಳಿನ ಗುರುತು ಇರುವುದಿಲ್ಲ. ಇಲ್ಲಿ ಬೆರಳಿನ ಗುರುತು ಎದ್ದು ಕಾಣುತ್ತಿತ್ತು.

ಪರೀಕ್ಷಕ ಬಗ್ಗಿ ನೋಡಿದ. ಯಾರೋ ಮಣ್ಣು ಒಯ್ಯುತ್ತಿದ್ದಾರೆ ಎಂದುಕೊಂಡ. ಬೇಡವೆಂದು ಚೆಲ್ಲಿದ ಮಣ್ಣು ಯಾರಿಗೆ ಬೇಕು? ವ್ಯಾಪಾರಿಗೆ ಬೇಕು. ಅದೇ ಬಣ್ಣದ, ಅಷ್ಟೇ ನುಣುಪಿನ ಒಳ್ಳೆಯ ಮಣ್ಣನ್ನು ಹೊಂದಿಸಿ ತಂದು ಚೀಲ ಬದಲಾಯಿಸಲು ಮಾದರಿ ಬೇಕಲ್ಲ. ಒಯ್ದು ಕೊಡುವವರು ಮನೆಯೊಳಗಿನವರೇ ಆಗಿರಬೇಕು. ತಾಯಿ ಆ ದಿನ ಬಾಯಿ ಬಿಡಿಸಲು ಬಂದದ್ದು ನೆನಪಾಯಿತು. ಮಗಳು ತನ್ನನ್ನು ಕಂಡರೆ ಸೆರಗು ಬಾಯಿಗೆ ಒತ್ತಿಕೊಂಡು ಸರಿದು ಹೋಗುವುದು ನೆನಪಾಯಿತು. ಒಂದಕ್ಕೊಂದು ಕೂಡಿಸಿದ. ಎಲ್ಲವೂ ಸರಿಯಾಗಿ ಕೂಡಿಬಂತು. ಅನುಮಾನದ ಲೆಕ್ಕ ಯಾವಾಗಲೂ ಸರಿಯಾಗಿಯೇ ಕೂಡಿಬರುತ್ತದೆ, ಅದೇ ಅದರ ತೊಂದರೆ.

ಮರುದಿನ ಅವನು ಗುದ್ದಲಿ ಹಿಡಿದು ಎಂದಿನಂತೆ ಹೊರಟ. ಹಳ್ಳದ ತನಕ ಹೋಗಿ ಬಳಸುದಾರಿಯಿಂದ ಹಿಂದಿರುಗಿ ಕೊಟ್ಟಿಗೆಯ ಮರೆಯಲ್ಲಿ ನಿಂತ. ಮಧ್ಯಾಹ್ನ ತಾಯಿ ಬಟ್ಟೆ ಒಗೆಯಲು ಹಳ್ಳಕ್ಕೆ ಇಳಿದಳು. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು. ಮಗಳು ಬಂದಳು. ಆಚೆ ಈಚೆ ನೋಡಿದಳು. ಸೊಂಟಕ್ಕೆ ಕೈಯಿಟ್ಟು ಕಷ್ಟಪಟ್ಟು ಕೂತು, ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡಳು.

ಪರೀಕ್ಷಕ ಎದುರಿಗೆ ಬಂದು ನಿಂತ. ಅವಳು ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಕೈ ತೋರಿಸಮ್ಮ. ಯಾರಿಗೆ ಒಯ್ತಾ ಇದ್ದೀಯ ಅದನ್ನ?"

ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಕೈ ಮುಂದೆ ಮಾಡಿದಳು. ತುಟಿಯ ಅಂಚಿನಲ್ಲಿ ಮಣ್ಣು ಅಂಟಿತ್ತು. ನಾಚಿಕೆಯಿಂದ ಅವಳ ಕಣ್ಣಲ್ಲಿ ನೀರು ಬಂತು.

"ಅವ್ವಗ ಹೇಳಬ್ಯಾಡ್ರಿ ಸಾಹೇಬ್ರ. ಬಯಕಿ ತಡಿಯಾಕಾಗವಲ್ದು. ಗ್ವಾಡಿ ಮಣ್ಣು ಕೆರಕೊಂಡ್ರ ಅವ್ವ ಬೈತಾಳ. ಇದು ನೀವು ಬ್ಯಾಡಂತ ಚೆಲ್ಲಿದ್ದಲ್ರಿ, ಜರಡಿ ಹಿಡಿದು ಸ್ವಚ್ಛ ಮಾಡಿದ್ದು. ಗ್ವಾಡಿ ಮಣ್ಣಿಗಿಂತ ಒಂದೀಟು ಸೀ ಐತ್ರಿ."

ಆ ಮಾತನ್ನು ಪರೀಕ್ಷಕ ಕೇಳಿಸಿಕೊಂಡನೇ ಎಂದರೆ ಕೇಳಿಸಿಕೊಂಡ. ಆದರೆ ಅವನ ಮನಸ್ಸು ಬೀಗದ ಕಡೆ ಓಡಿತ್ತು. ಕೊಟ್ಟಿಗೆಯ ಬಾಗಿಲು ತೆಗೆದು ಚೀಲಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಮುದ್ರೆಗಳೆಲ್ಲ ಹಾಗೆಯೇ ಇದ್ದವು. ಯಾರೂ ಮುಟ್ಟಿರಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು. ಇಷ್ಟು ದಿನದ ಬಿಗಿ ಸಡಿಲಗೊಂಡು ನಗು ಕೂಡ ಬಂತು. ಬಸುರಿಯರು ಕದ್ದು ಮಣ್ಣು ತಿನ್ನುವುದು ಅವನಿಗೆ ಹೊಸದಲ್ಲ, ಅವನ ಮನೆಯಲ್ಲೂ ಕಂಡದ್ದೇ. ಪಾಪ, ಈ ಹುಡುಗಿಯನ್ನು ಕಳ್ಳಿ ಎಂದುಕೊಂಡೆನಲ್ಲ ಎಂದು ಮನಸ್ಸು ಕರಗಿತು. "ಹೋಗಮ್ಮ, ನಿಮ್ಮವ್ವನಿಗೆ ಹೇಳಲ್ಲ" ಎಂದ. ಆ ಊರಿಗೆ ಬಂದಮೇಲೆ ಅವನು ಒಬ್ಬರನ್ನು ನಂಬಿದ್ದು ಅದೇ ಮೊದಲು. ಯಾರಿಗೂ ಹೇಳದೆ ಮಾತು ಉಳಿಸಿಕೊಂಡ. ಚೀಲಗಳನ್ನು ಗಾಡಿಗೆ ಹಾಕಿಕೊಂಡು ಊರು ಬಿಟ್ಟ.

ಪಟ್ಟಣದ ಪರೀಕ್ಷಾಲಯದಲ್ಲಿ ಮಣ್ಣು ನೋಡಿದರು. ಓಣಿಯ ಮಣ್ಣಿನಲ್ಲಿ ಸೀಸ ಇತ್ತು. ಭಟ್ಟಿಯ ಮೂಲೆಯ ಮಣ್ಣಿನಲ್ಲಿ, ಇದನ್ನು ಮಣ್ಣು ಎನ್ನಬೇಕೋ ಸೀಸ ಎನ್ನಬೇಕೋ ಎಂದು ಪರೀಕ್ಷಾಲಯದವರೇ ಕೇಳುವಷ್ಟು ಇತ್ತು. ವಿಧವೆಯ ಹಿತ್ತಲಿನ ಮಣ್ಣು ಒಳ್ಳೆಯದಾಗಿತ್ತು. ಅದರಲ್ಲಿ ಏನೂ ಇರಲಿಲ್ಲ.

ಪರೀಕ್ಷಕ ವರದಿ ಬರೆಯಲು ಕೂತ. ಮಣ್ಣಿನಲ್ಲಿ ವಿಷವಿದೆ ಎಂದಷ್ಟೇ ಬರೆದರೆ ಸಾಲದು, ಅದು ಮನುಷ್ಯನ ಮೈ ಸೇರುವ ದಾರಿಯನ್ನೂ ಬರೆಯಬೇಕು. ಓಣಿಯ ಮಣ್ಣಿಗೆ ಬರೆದ: ಮಕ್ಕಳು ಅದರಲ್ಲಿ ಆಡುತ್ತಾರೆ, ಅದೇ ಕೈಯನ್ನು ಬಾಯಿಗೆ ಹಾಕುತ್ತಾರೆ, ತೆಗೆಸಬೇಕು. ಆಮೇಲೆ ಭಟ್ಟಿಯ ಮೂಲೆಗೆ ಬಂದ. ಸುತ್ತ ಎತ್ತರದ ಗೋಡೆ, ಬಾಗಿಲಿಗೆ ಬೀಗ, ಕಾವಲಿಗೆ ನಾಯಿ. ವಿಷ ಎಲ್ಲಕ್ಕಿಂತ ಹೆಚ್ಚು, ನಿಜ. ಆದರೆ ಈ ಮಣ್ಣು ಓಣಿಯ ಯಾರ ಬಾಯಿಗೂ ತಲುಪುವ ದಾರಿಯಿಲ್ಲ ಎಂದು ಬರೆದ.

ಬರೆದ ಮೇಲೆ ಅದನ್ನು ಇನ್ನೊಮ್ಮೆ ಓದಿದ. ಯಾರ ಬಾಯಿಗೂ. ತುಟಿಯ ಅಂಚಿನ ಮಣ್ಣು ಕಣ್ಣ ಮುಂದೆ ಬಂತು. ಸೀ ಐತ್ರಿ ಎಂದಿದ್ದಳು. ಸೀಸ ಬೆರೆತ ಮಣ್ಣು ನಾಲಿಗೆಗೆ ಸಿಹಿ ಎಂದು ಅವನೇ ಹಿಂದೆ ಪಾಠದಲ್ಲಿ ಬಾಯಿಪಾಠ ಮಾಡಿದ್ದ. ಗೋಡೆ ಇತ್ತು, ಬೀಗ ಇತ್ತು, ನಾಯಿ ಇತ್ತು. ದಾರಿಯೇ ಇಲ್ಲದ ಕಡೆ ಹೆಗಲ ಮೇಲೆ ಗೋಣಿಚೀಲ ಹೊತ್ತು ದಾರಿ ಮಾಡಿಕೊಟ್ಟವನು ತಾನು. ಪರೀಕ್ಷಕ ಬರೆಯುವುದನ್ನು ಅಷ್ಟಕ್ಕೇ ಬಿಟ್ಟು ಎದ್ದ. ಸಿಕ್ಕಿದ ಬಸ್ಸು ಹತ್ತಿದ.

ಅವನು ಹೋದಾಗ ತಾಯಿ ಎಂದಿನಂತೆ ತಂಬಿಗೆಯಲ್ಲಿ ನೀರು ತಂದಳು. ಅವನು ಕಾಲು ಚಾಚಲಿಲ್ಲ. ಹೊಸ್ತಿಲಾಚೆಯೇ ನಿಂತು, ಯಾವುದನ್ನೂ ಮುಚ್ಚಿಡದೆ ಹೇಳಿದ. ಮಗಳು ತಿಂದದ್ದನ್ನು ಹೇಳಿದ. ಕಂಡೂ ತಾನು ಸುಮ್ಮನಿದ್ದದ್ದನ್ನು ಹೇಳಿದ. ಅದು ಎಲ್ಲಿಯ ಮಣ್ಣು, ಹಿತ್ತಲಿಗೆ ತಂದವರು ಯಾರು ಎನ್ನುವುದನ್ನೂ ಹೇಳಿದ.

ತಾಯಿ ಕೂಗಾಡಲಿಲ್ಲ. ತಂಬಿಗೆಯನ್ನು ಕೆಳಗಿಟ್ಟಳು.

"ನೀವು ಬರೂಕಿಂತ ಮೊದಲು ನಮ್ಮ ಹಿತ್ತಲ ಹೆಂಗಿತ್ರಿ?"

"ಚೆನ್ನಾಗಿತ್ತಮ್ಮ. ಅದರಲ್ಲಿ ಏನೂ ಇರಲಿಲ್ಲ."

"ಇಷ್ಟ ನಾ ಕೇಳಿದ್ದು" ಎಂದಳು ತಾಯಿ. ಆಮೇಲೆ ಮಗಳನ್ನು ಕರೆಯಲು ಒಳಗೆ ಹೋದಳು.

ಮಗಳನ್ನು ದೊಡ್ಡ ಆಸ್ಪತ್ರೆಗೆ ಒಯ್ದರು. ರಕ್ತದಲ್ಲಿ ಸೀಸ ಇತ್ತು. ಮದ್ದು ಮಾಡಿದರು. ದಿನ ತುಂಬಿ ಹೆರಿಗೆಯಾಯಿತು, ಮಗು ಉಳಿಯಿತು. ಪರೀಕ್ಷಕ ಹಿಂದಿರುಗಿ ಬರೆದು ಮುಗಿಸಿದ ವರದಿಯಿಂದ ಭಟ್ಟಿ ಮುಚ್ಚಿತು. ಓಣಿಯ ಅಂಗಳಗಳ ಮಣ್ಣು ತೆಗೆಸಿ ಹೊಸ ಮಣ್ಣು ಹಾಕಿಸಿದರು. ಓಣಿಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ಅಳುವುದು ಕಡಿಮೆಯಾಯಿತು. ಜನ ಅವನನ್ನು ಹೊಗಳಿದರು. ಹೊಗಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ದಿಬ್ಬದ ಮೇಲಿನ ಮನೆಯ ಮಗು ಮಾತ್ರ ತಡವಾಗಿ ಕತ್ತು ನಿಲ್ಲಿಸಿತು, ತಡವಾಗಿ ಕೂತಿತು. ಕೆಲವು ಮಕ್ಕಳು ಹಾಗೇ ಎಂದರು ಅಕ್ಕಪಕ್ಕದವರು. ಇರಬಹುದು. ಆ ಮಣ್ಣಿನಿಂದಲೇ ಹೀಗಾಯಿತೆಂದು ಹೇಳುವವರಿಲ್ಲ, ಅದರಿಂದ ಅಲ್ಲವೆಂದು ಹೇಳುವವರೂ ಇಲ್ಲ. ಪರೀಕ್ಷಕನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಕರೆದಾಗ ಮಗು ತಿರುಗಿ ನೋಡದಿದ್ದರೆ ಹೆತ್ತವಳಿಗೆ ಅನುಮಾನ. ಸುಮ್ಮನೆ ಗೋಡೆ ನೋಡುತ್ತ ಕೂತರೆ ಅಜ್ಜಿಗೆ ಅನುಮಾನ. ನಕ್ಕರೂ, ಈ ನಗು ಬೇರೆ ಮಕ್ಕಳ ನಗುವಿನ ಹಾಗೆ ಇದೆಯೇ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪರೀಕ್ಷಕ ಆ ಊರಿಗೆ ಹೊತ್ತುಕೊಂಡು ಬಂದಿದ್ದ ಅನುಮಾನ ಆ ಮನೆಯಲ್ಲಿ ಉಳಿದುಬಿಟ್ಟಿತು. ನುಗ್ಗೆಯ ಬುಡದ ಮಣ್ಣನ್ನು ಅವನು ತಾನೇ ಅಗೆದು ತುಂಬಿಕೊಂಡು ಹೋದ. ಅನುಮಾನವನ್ನು ಹಾಗೆ ತುಂಬಿಕೊಂಡು ಹೋಗಲು ಆಗಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಆ ಪರೀಕ್ಷಕನ ಮೇಲೆ ಸಿಟ್ಟು ಬಂದಿತ್ತು. "ಎಂಥ ಮನುಷ್ಯ ಗುರುಗಳೇ. ಊರನ್ನೆಲ್ಲ ಅನುಮಾನಿಸಿದವನಿಗೆ ತನ್ನ ಕೈಯ ಮೇಲೆ ಅನುಮಾನ ಬರಲಿಲ್ಲವೇ? ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ" ಎಂದ.

ಗುರು ಅವನ ಮುಂದಿದ್ದ ಚೀಲವನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು. ಮುದ್ರೆ ಗಟ್ಟಿಯಾಗಿಯೇ ಇತ್ತು. ಚೀಲವನ್ನು ಅವನ ಕೈಗೆ ಕೊಟ್ಟರು. ಒಳಗೆ ಗುರುಗಳ ಸೊಸೆ ಹಿತ್ತಲಿಂದ ಕಿತ್ತು ತಂದ ಸೊಪ್ಪು ಸೋಸುತ್ತಿದ್ದಳು.

"ಬೆಳಿಗ್ಗೆ ಜರಡಿ ಹಿಡಿದೆಯಲ್ಲ, ಉಳಿದರ್ಧ ಎಲ್ಲಿ ಸುರಿದೆ?" ಎಂದರು.

ಶಿಷ್ಯ ಚೀಲವನ್ನು ಅಲ್ಲೇ ಬಿಟ್ಟು ಹಿತ್ತಲಿನ ಕಡೆ ಓಡಿದ.